ಕಲಬುರಗಿ ಬಿಸಿಲಿಗೆ ನಿಂತ ಲೇಬಲ್

ಬ್ರಹ್ಮಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮನೆಯಲ್ಲೇ ಮಾಡುತ್ತೇವೆ. ತೊಗರಿ ಬೇಳೆ ಗಂಜ್ ಮಾರುಕಟ್ಟೆಯಿಂದ ತಂದು, ಹಸನು ಮಾಡಿ ಪ್ಯಾಕ್ ಮಾಡುತ್ತೇವೆ. 100, 200, 500 ಗ್ರಾಂ ಅಂತ ಲೆಕ್ಕ ಹಿಡಿದರೆ ಒಟ್ಟು 34 ಬಗೆಯ ಪ್ಯಾಕೆಟ್. ಇಷ್ಟಕ್ಕೂ ಪೆನ್ನಿನಲ್ಲಿ ಬರೆದು ಚೀಟಿ ಅಂಟಿಸುತ್ತಿದ್ದ ಕಾಲ ಮುಗಿಯಿತು. ಎರಡು ವರ್ಷದಲ್ಲಿ ಎರಡು ಬಾರ್‌ಕೋಡ್ ಲೇಬಲ್ ಪ್ರಿಂಟರ್ ಕೊಂಡಿದ್ದೇನೆ. ಮೊದಲನೆಯದರಲ್ಲಿ ದುಡ್ಡು ಹೋಯಿತು. ಎರಡನೆಯದು ಭಾಳ ಚಲೋ ಇದೆ. ನಮ್ಮ ಭಾಗದಲ್ಲಿ ಇಂಥ ಪ್ರಿಂಟರ್ ಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಸಣ್ಣ ಡೈರೆಕ್ಟ್ ಥರ್ಮಲ್ ಮಷೀನು. ಅದಕ್ಕೆ ಶಾಯಿ ಬೇಡ, ರಿಬ್ಬನ್ ಬೇಡ. ಕಾಗದಕ್ಕೇ ಒಂದು ಲೇಪ ಇರುತ್ತದೆ, ಬಿಸಿ ತಾಗಿದಲ್ಲಿ ಅದು ಕಪ್ಪಾಗುತ್ತದೆ. ಅಂಗಡಿಯ ಬಿಲ್ಲು ಬರುತ್ತದಲ್ವಾ, ಅದೇ ಜಾತಿ. ಮಾರಿದವರು "ಖರ್ಚೇ ಇಲ್ಲ ಮೇಡಂ" ಅಂದರು. ಜನವರಿಯಲ್ಲಿ ಎಲ್ಲಾ ಸರಿ ಇತ್ತು. ಮೇ ತಿಂಗಳು ಬಂತು. ನಮ್ಮ ಪ್ಯಾಕಿಂಗ್ ಕೋಣೆಗೆ ಪತ್ರಾಸ್ ಚಾವಣಿ. ಹೊರಗೆ 42, 43 ಡಿಗ್ರಿ ಇದ್ದರೆ ಒಳಗೆ ನಿಲ್ಲುವುದಕ್ಕೇ ಆಗುವುದಿಲ್ಲ. ಒಂದು ಮಧ್ಯಾಹ್ನ ಆಳಂದಕ್ಕೆ ಕಳಿಸಬೇಕಿದ್ದ ಎರಡು ಡಬ್ಬ ಪ್ಯಾಕೆಟ್ ಕಾರಿನಲ್ಲೇ ಉಳಿದವು, ಗಾಜು ಏರಿಸಿತ್ತು. ಸಂಜೆ ತೆಗೆದರೆ ಮೇಲಿನ ಪ್ಯಾಕೆಟ್ಟುಗಳ ಬಿಳಿ ಲೇಬಲ್ಲು ಹೊಗೆ ಹಿಡಿದಂತೆ ಬೂದು ಬಣ್ಣಕ್ಕೆ ತಿರುಗಿತ್ತು. ಗೆರೆ ಯಾವುದು, ನಡುವಿನ ಜಾಗ ಯಾವುದು ಅಂತ ಸ್ಕ್ಯಾನರಿಗೆ ಗೊತ್ತಾಗುತ್ತಿರಲಿಲ್ಲ. ಶೇಂಗಾ ಹಿಂಡಿಯದ್ದು ಇದಕ್ಕೆ ತಿರುವುಮುರುವು. ಎಣ್ಣೆ ಕೈ ತಾಗಿದಲ್ಲೆಲ್ಲಾ ಅಕ್ಷರ ಮಾಸಿ ಹೋಗಿತ್ತು. "ಅಕ್ಕಾರ, ಇದು ಓದವಲ್ದು ನೋಡ್ರಿ" ಅಂತ ನಮ್ಮ ಹುಡುಗಿ ಒಂದೊಂದೇ ಪ್ಯಾಕೆಟ್ ಎತ್ತಿ ತೋರಿಸುವಾಗ ಹೊಟ್ಟೆ ಉರಿಯಿತು. ಅಷ್ಟಕ್ಕೂ ಮತ್ತೆ ಲೇಬಲ್ ಅಂಟಿಸಿದೆವು. ಎರಡು ದಿನದಲ್ಲಿ ಮಾರಾಟವಾಗುವ ಮಾಲಿಗೆ, ಕೊರಿಯರ್ ವಿಳಾಸಕ್ಕೆ ಆ ಮಷೀನು ಸಾಕು. ಬಿಸಿಲಲ್ಲಿ ತಿಂಗಳುಗಟ್ಟಲೆ ನಿಲ್ಲುವ ಮಾಲಿಗೆ ಅಲ್ಲ.

ಈಗಿರುವುದು ಥರ್ಮಲ್ ಟ್ರಾನ್ಸ್‌ಫರ್. ಇದರಲ್ಲಿ ಬಿಸಿ ತಾಗುವುದು ರಿಬ್ಬನ್ನಿಗೆ. ರಿಬ್ಬನ್ನಿನ ಮೇಣ ಕರಗಿ ಲೇಬಲ್ಲಿಗೆ ಹತ್ತುತ್ತದೆ. ಲೇಬಲ್ಲು ಮಾಮೂಲಿ ಕಾಗದ, ಅದರಲ್ಲಿ ಬಿಸಿಲಿಗೆ ಕಪ್ಪಾಗುವಂಥದ್ದು ಏನೂ ಇಲ್ಲ. ನಾನು ಕೊಟ್ಟದ್ದು 12,500 ರೂಪಾಯಿ. 50 ಮಿಮೀ ಅಗಲ, 25 ಮಿಮೀ ಎತ್ತರದ ಲೇಬಲ್ಲು ಜೋಡಿಯಾಗಿ ಬರುವ ರೋಲ್ ಹಾಕುತ್ತೇನೆ. 5,000 ಲೇಬಲ್ಲಿನ ರೋಲಿಗೆ ನನಗೆ 450 ಬೀಳುತ್ತದೆ. 300 ಮೀಟರ್ ರಿಬ್ಬನ್ 350, ಅದರಲ್ಲಿ ನಾಲ್ಕು ರೋಲ್ ಮುಗಿಯುತ್ತದೆ. ಅಂದರೆ ಲೇಬಲ್ಲಿಗೆ ಸುಮಾರು 11 ಪೈಸೆ. ಹಿಂಡಿಗೆ ಮಾತ್ರ ವ್ಯಾಕ್ಸ್-ರೆಸಿನ್ (ಮೇಣಕ್ಕೆ ರಾಳ ಬೆರೆಸಿದ) ರಿಬ್ಬನ್ ಮತ್ತು ಪ್ಲಾಸ್ಟಿಕ್ ಲೇಬಲ್ ಬಳಸುತ್ತೇನೆ. ಖರ್ಚು ಜಾಸ್ತಿ, ಆದರೆ ಎಣ್ಣೆ ಕೈಯಲ್ಲಿ ಒರೆಸಿದರೂ ಅಕ್ಷರ ಹೋಗುವುದಿಲ್ಲ. ರಿಬ್ಬನ್ ಬದಲಿಸುವುದು ಬೇಸರದ ಕೆಲಸ, ಹಾಗಾಗಿ ವಾರದ ಹಿಂಡಿ ಲೇಬಲ್ಲೆಲ್ಲಾ ಶನಿವಾರ ಒಂದೇ ಸಲ ತೆಗೆದಿಡುತ್ತೇವೆ.

ಕನ್ನಡದ ವಿಷಯ ಬಿಡಿಸಿ ಹೇಳಬೇಕು. ಬಾರ್‌ಕೋಡ್ ಗೆರೆಗಳ ಒಳಗೆ ಕನ್ನಡ ಕೂರುವುದಿಲ್ಲ, ಅಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ. ಹೆಸರನ್ನು ಮೇಲೆ ಕನ್ನಡದಲ್ಲಿ ಹಾಕಬಹುದು. ಪ್ರಿಂಟರಿನೊಳಗಿನ ಫಾಂಟಿನಲ್ಲಿ ಕನ್ನಡ ಇರಲಿಲ್ಲ, ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದು ಚಿತ್ರವಾಗಿ ಹೋಗುತ್ತದೆ. ನನ್ನದು 203 ಡಿಪಿಐ, ಅಂದರೆ ಒಂದು ಮಿಮೀಗೆ 8 ಚುಕ್ಕೆ. 6 ಪಾಯಿಂಟಿನಲ್ಲಿ "ಗುರೆಳ್ಳು" ಅಂತ ಹೊಡೆದರೆ ಒತ್ತಕ್ಷರ ಮುಚ್ಚಿಕೊಂಡು ಬರೀ ಕಪ್ಪು ಉಂಡೆ. 10 ಪಾಯಿಂಟ್ ದಪ್ಪಕ್ಷರ ಮಾಡಿದ ಮೇಲೆ ನಮ್ಮ ಅತ್ತೆಯವರೂ ಕನ್ನಡಕ ಇಲ್ಲದೆ ಓದಿದರು. ಆ ದಿನ ನನಗೆ ನಿಜವಾಗಿ ಖುಷಿಯಾಯಿತು.

ಅಂಗಡಿಯ ಒಳಗಿನ ಲೆಕ್ಕಕ್ಕೆ ಕೋಡ್ 128 ಅನ್ನುವ ಬಗೆಯ ಬಾರ್‌ಕೋಡ್ ಸಾಕು. ನಂಬರ್ ನಾವೇ ಕೊಟ್ಟುಕೊಳ್ಳಬಹುದು, ಯಾರ ಹತ್ತಿರವೂ ಕೇಳಬೇಕಿಲ್ಲ. ಹೈದರಾಬಾದಿನ ಒಂದು ದೊಡ್ಡ ಅಂಗಡಿಯವರು ನಮ್ಮ ಬೇಳೆ ಕೇಳಿದಾಗ ಮಾತ್ರ 13 ಅಂಕಿಯ ನಂಬರ್ ಬೇಕಾಯಿತು. ಅದನ್ನು ಬಾರ್‌ಕೋಡ್ ನಂಬರ್ ಕೊಡುವ ಸಂಸ್ಥೆ ಜಿಎಸ್1 ಇಂಡಿಯಾದಲ್ಲಿ ನೋಂದಾಯಿಸಿ ತಗೊಳ್ಳಬೇಕು, 890 ಅಂತ ಶುರುವಾಗುತ್ತದೆ. ಈ 13 ಅಂಕಿಯ ಕೋಡನ್ನು ಮೌಸಿನಿಂದ ಎಳೆದು ಚಿಕ್ಕದು ಮಾಡಬೇಡಿ, ಗೆರೆಗಳ ಅಳತೆ ಕೆಡುತ್ತದೆ. ನಾನು ಎಲ್ಲಕ್ಕಿಂತ ಸಣ್ಣ ಗೆರೆಯ ಅಗಲಕ್ಕೆ ಮೂರು ಚುಕ್ಕೆ ಇಟ್ಟಿದ್ದೇನೆ. ಎರಡೂ ಬದಿ ಬಿಡಬೇಕಾದ ಖಾಲಿ ಜಾಗ ಸೇರಿ 42 ಮಿಮೀ ಚಿಲ್ಲರೆ, 50ರ ಲೇಬಲ್ಲಿನಲ್ಲಿ ಕೂರುತ್ತದೆ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವವರು ನಂಬರಿನ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ನಂಬರಿನ ಶುರುವಿನ ಸೊನ್ನೆ ಮಾಯವಾಗುತ್ತದೆ, ಉದ್ದದ ನಂಬರ್ 8.9ಇ+12 ಅಂತ ಕಾಣುತ್ತದೆ.

ಈ ಪ್ರಿಂಟರಿನ ಕಾಟ ಒಂದೇ, ಧೂಳು. ನಮ್ಮಲ್ಲಿ ಹಿಟ್ಟು ಹಾರುತ್ತದೆ. ಬಿಸಿಯಾಗಿ ಅಕ್ಷರ ಮೂಡಿಸುವ ಹೆಡ್ಡಿನ ಮೇಲೆ ಒಂದು ಕಣ ಕೂತರೆ ಪ್ರತಿ ಲೇಬಲ್ಲಿನಲ್ಲೂ ಅದೇ ಜಾಗಕ್ಕೆ ಕೂದಲೆಳೆಯಷ್ಟು ಬಿಳಿ ಗೆರೆ ಬೀಳುತ್ತದೆ. ನೋಡಲು ಏನೂ ಅನಿಸುವುದಿಲ್ಲ, ಆದರೆ ಅದು ಕಪ್ಪು ಗೆರೆಯ ಉದ್ದಕ್ಕೇ ಬಿದ್ದರೆ ಸ್ಕ್ಯಾನರ್ ಓದುವುದಿಲ್ಲ. ಒಮ್ಮೆ 600 ಲೇಬಲ್ ಹೀಗೆ ಹೋದವು. ಈಗ ರಿಬ್ಬನ್ ಬದಲಿಸಿದಾಗಲೆಲ್ಲಾ ಹೆಡ್ಡು ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸುತ್ತೇವೆ. ಮೊದಲ ಲೇಬಲ್ಲನ್ನು ಸ್ಕ್ಯಾನ್ ಮಾಡಿ ನೋಡಿದ ಮೇಲೇ ಉಳಿದದ್ದು.

ಕೊಳ್ಳಲು ಹೋಗುವಾಗ ನಿಮ್ಮದೇ ಒಂದು ಪ್ಯಾಕೆಟ್ ಕೈಯಲ್ಲಿ ಹಿಡಿದು ಹೋಗಿ. ಅಂಗಡಿಯಲ್ಲೇ ಅದರ ಹೆಸರು ಕನ್ನಡದಲ್ಲಿ ಹೊಡೆಸಿ, ಎಫ್‌ಎಸ್‌ಎಸ್‌ಎಐ ಆಹಾರ ಪರವಾನಗಿಯ 14 ಅಂಕಿ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು ಎಲ್ಲಾ ಹಿಡಿಯುತ್ತದಾ ನೋಡಿ. ಅಂಟಿಸಿ, ಸ್ವಲ್ಪ ಎಣ್ಣೆ ಸವರಿ, ಉಗುರಿನಿಂದ ಕೆರೆದು, ಮತ್ತೆ ಸ್ಕ್ಯಾನ್ ಮಾಡಿಸಿ. ಓದಿದರೆ ದುಡ್ಡು ಕೊಡಿ.