ಗಾಂಧಿ ಚೌಕದ ಓಣಿಯ ಕಂಪ್ಯೂಟರ್ ರಿಪೇರಿ ಅಂಗಡಿ
ನಮ್ಮ ಮನೆಯ ಡೆಸ್ಕ್‌ಟಾಪ್ 2009ರದು. ಮಗಳು ಕನ್ನಡ ಟೈಪಿಂಗ್ ಕಲಿತದ್ದು ಅದರಲ್ಲೇ. ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು, ಜೊತೆಗೆ ಉದ್ದನೆಯ ಬೀಪ್. ಮೊದಲು ಹೋದ ಅಂಗಡಿಯಲ್ಲಿ ಬಿಚ್ಚಿಯೂ ನೋಡದೆ ‘ಮದರ್‌ಬೋರ್ಡ್ ಹೋಗಿದೆ, ಹೊಸದು ಕೊಳ್ಳಿ’ ಎಂದಿದ್ದರು. ಅದು ನನಗೆ ಇಂದಿಗೂ ಸಿಟ್ಟು.

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯ ಈ ಪುಟ್ಟ ಅಂಗಡಿಯ ಕಾಕಾ ಬೀಪ್ ಕೇಳಿದ ಕೂಡಲೇ, ‘ರ್‍ಯಾಮ್ ಸರಿಯಾಗಿ ಕೂತಿಲ್ಲ ತಂಗಿ’ ಎಂದರು. ಆ ಮೆಮೊರಿ ಪಟ್ಟಿಯನ್ನು ಕಿತ್ತು, ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಲಾಟಿನ ದೂಳನ್ನು ಬ್ರಷ್‌ನಿಂದ ತೆಗೆದು ಮತ್ತೆ ಒತ್ತಿ ಕೂರಿಸಿದರು. ಪರದೆ ಬೆಳಗಿತು! ದಿನಾಂಕ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದುದಕ್ಕೆ ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟಿನ ಸಿಆರ್ 2032 ಸೆಲ್ ಬದಲಿಸಿದರು. ಪ್ರೊಸೆಸರ್ ಫ್ಯಾನಿನ ಕೆಳಗೆ ಹತ್ತಿಯಂತೆ ದೂಳು ಗಟ್ಟಿಯಾಗಿತ್ತು. ನಮ್ಮೂರ ಬೇಸಿಗೆಯಲ್ಲಿ ಯಂತ್ರ ತಾನಾಗಿಯೇ ಆರಿಹೋಗುತ್ತಿದ್ದುದು ಅದಕ್ಕೇ.

ಎಲ್ಲ ಸೇರಿ 350 ರೂಪಾಯಿ. ಕೂರಲು ಜಾಗವಿಲ್ಲ, ಎರಡು ಗಂಟೆ ನಿಂತಿದ್ದೆ. ಆದರೆ ಪ್ರತಿ ಭಾಗವನ್ನೂ ತೋರಿಸಿ ವಿವರಿಸಿದರು. ಹಾರ್ಡ್ ಡಿಸ್ಕಿನ ಟಕಟಕ ಸದ್ದಿಗೆ ಮಾತ್ರ, ‘ಫೋಟೋಗಳನ್ನು ಇವತ್ತೇ ಬೇರೆ ಕಡೆ ನಕಲು ಮಾಡಿಕೊಳ್ಳಿ’ ಎಂದರು. ಅಂದು ರಾತ್ರಿಯೇ ಮಾಡಿಕೊಂಡೆ.