ಮುಂದಿನ ಆಕ್ಸಲ್ ಸೀಲ್ ಸೋರುತ್ತಿದ್ದರೆ, ಹೊಸ ಸೀಲ್ ಹಾಕಿಸುವ ಮೊದಲು ಬ್ರೀದರ್ ನೋಡಿಸಿ

ಜಿಪ್ಸಿ, ಹಳೇ ಫೋರ್ ವೀಲ್ ಜೀಪ್ ಇಟ್ಟುಕೊಂಡಿರುವ ಮಲೆನಾಡಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮುಂದಿನ ಚಕ್ರದ ಒಳಬದಿ ಎಣ್ಣೆ ಕಂಡ ಕೂಡಲೇ ಗ್ಯಾರೇಜಿನವರು "ಸೀಲ್ ಹೋಗಿದೆ, ಚೇಂಜ್ ಮಾಡಿದ್ರೆ ಆಯ್ತು" ಅನ್ನುತ್ತಾರೆ. ಸೀಲ್ ಹೋಗಿರುವುದು ನಿಜವೇ. ಅದು ಯಾಕೆ ಹೋಯಿತು ಅಂತ ಮಾತ್ರ ಹೆಚ್ಚಿನವರು ನೋಡುವುದಿಲ್ಲ. ಬ್ರೀದರ್ ಅಂದರೆ ಆಕ್ಸಲಿನ ಒಳಗಿನ ಗಾಳಿ ಹೋಗಿ ಬರಲು ಇಟ್ಟ ಸಣ್ಣ ದಾರಿ, ಅದನ್ನಂತೂ ಯಾರೂ ಮುಟ್ಟುವುದಿಲ್ಲ. ನಮ್ಮ ಗಾಡಿಯಲ್ಲಿ ಹಾಗೇ ಆಯಿತು. ಒಂದು ಸಣ್ಣ ರಬ್ಬರ್ ಸೀಲಿನಿಂದ ಶುರುವಾದದ್ದು ಬ್ರೇಕಿಗೆ ಬಂತು, ಸ್ಟೇರಿಂಗಿಗೆ ಬಂತು, ಕೊನೆಗೆ ಪಿನಿಯನ್ ಬೇರಿಂಗ್ ತನಕ ಹೋಯಿತು.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಗಾಡಿ ಮಾರುತಿ ಜಿಪ್ಸಿ. 1985ರಲ್ಲಿ ಶುರುವಾದ ಈ ಗಾಡಿಯ ತಯಾರಿಕೆ 2018-19ರ ಹೊತ್ತಿಗೆ ಸಾಮಾನ್ಯ ಗ್ರಾಹಕರಿಗೆ ನಿಂತುಹೋಯಿತು, ಆದರೂ ಈ ಕಡೆ ತೋಟದ ದಾರಿಗಳಲ್ಲಿ ಇನ್ನೂ ಓಡುತ್ತಲೇ ಇದೆ. ಮಳೆಗಾಲದಲ್ಲಿ ಫೋರ್ ವೀಲ್ ಇಲ್ಲದೆ ನಮ್ಮ ದಾರಿ ಹತ್ತುವುದಿಲ್ಲ. ಮಧ್ಯೆ ಒಂದು ಹಳ್ಳವನ್ನೂ ದಾಟಬೇಕು. ಈ ಹಳ್ಳದ ವಿಷಯ ಮುಂದೆ ಬರುತ್ತದೆ.

ಸಮಸ್ಯೆ ಅರ್ಥ ಆಗಬೇಕಾದರೆ ಒಳಗೆ ಏನಿದೆ ಅಂತ ಸ್ವಲ್ಪ ಗೊತ್ತಿರಬೇಕು. ಜಿಪ್ಸಿಯ ಮುಂದಿನ ಆಕ್ಸಲ್ ಒಂದೇ ಗಟ್ಟಿ ಕೊಳವೆ, ಇದನ್ನೇ ಹೌಸಿಂಗ್ ಅನ್ನುವುದು. ಅದರೊಳಗೆ ಚಕ್ರಗಳನ್ನು ತಿರುಗಿಸುವ ಹಲ್ಲುಚಕ್ರಗಳು, ಅಂದರೆ ಕ್ರೌನ್ ಪಿನಿಯನ್, ಅದಕ್ಕೆ ಗೇರ್ ಆಯಿಲ್. ಕೊಳವೆಯ ಎರಡೂ ತುದಿಗೆ ದೊಡ್ಡ ಗುಂಡಿನಂಥ ಭಾಗ ಇದೆ. ಚಕ್ರವನ್ನು ಹೊತ್ತ ನಕಲ್ ಆ ಗುಂಡಿನ ಮೇಲೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ನಕಲ್ ಒಳಗಿರುವ ಜಾಯಿಂಟಿಗೆ ಗ್ರೀಸ್. ಈ ಎಣ್ಣೆಗೂ ಆ ಗ್ರೀಸಿಗೂ ನಡುವೆ ಇರುವುದೇ ಒಳಗಿನ ಆಯಿಲ್ ಸೀಲ್. ಅದು ಸೋತರೆ ಎಣ್ಣೆ ನಕಲ್ ಒಳಗೆ ನುಗ್ಗಿ ಗ್ರೀಸನ್ನು ಕರಗಿಸಿ ಕಪ್ಪು ಗಂಜಿ ಮಾಡುತ್ತದೆ. ಆ ಗಂಜಿ ಗುಂಡಿನ ಹಿಂದಿರುವ ಹೊರಗಿನ ಸೀಲಿನಿಂದ ಇಳಿಯುತ್ತದೆ. ನಮಗೆ ಕಾಣುವುದು ಈ ಹೊರಗಿನ ಸೋರಿಕೆ. ತೊಂದರೆ ಇರುವುದು ಅದಕ್ಕಿಂತ ಒಳಗೆ.

ಸೋರುತ್ತಿರುವುದು ಏನು ಅಂತ ಮನೆಯಲ್ಲೇ ನೋಡಬಹುದು. ಬೆರಳಿಗೆ ಸ್ವಲ್ಪ ಒರೆಸಿಕೊಂಡು ಮೂಸಿ. ಗೇರ್ ಆಯಿಲ್ ಆದರೆ ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ, ಸೋಪು ಹಾಕಿ ತಿಕ್ಕಿದರೂ ಬೆರಳಿನಿಂದ ಬೇಗ ಹೋಗುವುದಿಲ್ಲ. ಬ್ರೇಕ್ ಆಯಿಲ್ ತೆಳ್ಳಗಿರುತ್ತದೆ, ಈ ವಾಸನೆ ಇರುವುದಿಲ್ಲ, ನೀರಿಗೆ ಹಿಡಿದರೆ ತೊಳೆದು ಹೋಗುತ್ತದೆ. ಬರೀ ದಪ್ಪ ಗ್ರೀಸ್ ಒಸರುತ್ತಿದ್ದರೆ ಹೊರಗಿನ ಸೀಲ್ ಮಾತ್ರ ಸವೆದಿರಬಹುದು. ತೆಳ್ಳಗೆ, ಕಪ್ಪಗೆ, ಘಾಟು ವಾಸನೆ ಇದ್ದರೆ ಒಳಗಿನದೇ ಹೋಗಿದೆ ಅಂತ ತಿಳಿಯಿರಿ. ಗಾಡಿಯನ್ನು ಇಳಿಜಾರಿನಲ್ಲಿ ಅಡ್ಡಲಾಗಿ ನಿಲ್ಲಿಸಿದರೆ ತಗ್ಗಿನ ಕಡೆಯ ಚಕ್ರದಲ್ಲಿ ಸೋರಿಕೆ ಜಾಸ್ತಿ ಕಾಣುತ್ತದೆ. ಹಾಗಾಗಿ ಎರಡೂ ಬದಿ ನೋಡಬೇಕು.

ನಮ್ಮದು ಎಡಗಡೆ ಸೋರುತ್ತಿತ್ತು. ಪೇಟೆಯ ಗ್ಯಾರೇಜಿಗೆ ಬಿಟ್ಟೆ. ಹೆಸರು ಬೇಡ. "ಸಂಜೆ ಬಂದು ತಗೊಂಡ್ಹೋಗಿ ಸಾರ್" ಅಂದರು. ಸಂಜೆ ಗಾಡಿ ತೊಳೆದು ಫಳಫಳ ಅನ್ನಿಸಿ ಕೊಟ್ಟರು. ಬಿಲ್ಲಿನಲ್ಲಿ "ಆಕ್ಸಲ್ ಸೀಲ್" ಅಂತ ಬರೆದಿತ್ತು. ನಿಜದಲ್ಲಿ ಅವರು ಬದಲಾಯಿಸಿದ್ದು ಗುಂಡಿನ ಹಿಂದಿನ ಹೊರಗಿನ ಸೀಲ್ ಮಾತ್ರ. ಅದಕ್ಕೆ ಚಕ್ರದ ನಡುವಿನ ಹಬ್ ಬಿಚ್ಚಬೇಕಿಲ್ಲ, ಕೊಳವೆಯೊಳಗಿನ ಆಕ್ಸಲ್ ಶಾಫ್ಟ್ ಎಳೆಯಬೇಕಿಲ್ಲ. ಹಿಂದಿನ ಬೋಲ್ಟ್‌ಗಳನ್ನು ಬಿಚ್ಚಿದರೆ ಕೆಲಸ ಮುಗಿಯಿತು. ಹೊಸ ಸೀಲ್ ಎಣ್ಣೆಯನ್ನು ಸ್ವಲ್ಪ ಕಾಲ ತಡೆದು ನಿಲ್ಲಿಸಿತು. ಇದರಿಂದ ಒಳ್ಳೇದಾಗಲಿಲ್ಲ, ಅಪಾಯ ಹೆಚ್ಚಿತು. ಹಿಂದಕ್ಕೆ ಹೋಗಲು ದಾರಿ ಇಲ್ಲದ ಎಣ್ಣೆ ಹೊರಕ್ಕೆ ನುಗ್ಗಿತು, ಹಬ್ಬಿನ ಕಡೆಗೆ.

ಶಿರಾಡಿ ಘಾಟಿಯಲ್ಲಿ ಗುಂಡ್ಯ ಕಡೆಗೆ ಇಳಿಯುವಾಗ ಇದು ಗೊತ್ತಾಯಿತು. ಮಳೆ ಸುರಿಯುತ್ತಿತ್ತು. ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯಿತು. ಎಡಗಡೆಯ ಪ್ಯಾಡ್ ಎಣ್ಣೆ ಕುಡಿದು ಹಿಡಿಯುತ್ತಿರಲಿಲ್ಲ, ಬಲಗಡೆಯದು ಸರಿಯಾಗಿ ಹಿಡಿಯುತ್ತಿತ್ತು. ಬಲ ಅಂದರೆ ಎದುರಿನಿಂದ ಟ್ಯಾಂಕರ್, ಲಾರಿಗಳು ಹತ್ತಿ ಬರುವ ಬದಿ. ಎರಡನೇ ಗೇರಿಗೆ ಹಾಕಿ, ಬ್ರೇಕನ್ನು ಮುಟ್ಟಿದಷ್ಟೇ ಮುಟ್ಟುತ್ತ ಇಳಿಸಿದೆ. ಪಕ್ಕದಲ್ಲಿ ಅಮ್ಮ ಇದ್ದರು. ಈ ಬರಹ ಬರೆಯುತ್ತಿರುವುದೇ ಈ ಒಂದು ಕಾರಣಕ್ಕೆ. ಆಕ್ಸಲ್ ಸೀಲ್ ಸೋರಿಕೆ ಅಂದರೆ ನೆಲ ಗಲೀಜಾಗುವ ವಿಷಯ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಬ್ ತನಕ ಎಣ್ಣೆ ಬಂದರೆ ಅದು ಬ್ರೇಕಿನ ವಿಷಯ.

ಮತ್ತೆ ಅದೇ ಗ್ಯಾರೇಜಿಗೆ ಹೋದಾಗ ನಾನು ಅಲ್ಲೇ ಕುಳಿತೆ. ಈ ಸಲ ಹಬ್ ಬಿಚ್ಚಿದರು, ಒಳಗಿನ ಸೀಲೂ ಬದಲಾಯಿಸಿದರು. ಆದರೆ ಮಾಡಿದ ರೀತಿ! ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರನ್ನು ಬಿಚ್ಚಿ ಹಾಗೇ ಬ್ರೇಕ್ ಹೋಸಿನ ಮೇಲೆ ನೇತಾಡಲು ಬಿಟ್ಟರು. ಅಷ್ಟು ಭಾರವನ್ನು ರಬ್ಬರ್ ಪೈಪು ಹೊರಬಾರದು, ತಂತಿ ಕಟ್ಟಿ ಸಸ್ಪೆನ್ಷನ್ ಪ್ಲೇಟಿಗೆ ನೇತುಹಾಕಬೇಕು. ಹೊಸ ಸೀಲನ್ನು ಸ್ಕ್ರೂ ಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಒಂದೊಂದೇ ಕಡೆ ಬಡಿದು ಕೂರಿಸಿದರು. "ಹಾಗೆ ಬಡಿದರೆ ಸೊಟ್ಟ ಆಗಲ್ವಾ?" ಅಂತ ಕೇಳಿದೆ. "ಇಪ್ಪತ್ತು ವರ್ಷದಿಂದ ಹೀಗೇ ಹಾಕ್ತಿರೋದು ಸಾರ್" ಅಂದರು. ಅದಾದ ಮೇಲೆ ಸೋರಿಕೆಯೂ ನಿಲ್ಲಲಿಲ್ಲ, ಹೊಸದಾಗಿ ಸ್ಟೇರಿಂಗ್ ನಡುಗಲು ಶುರುವಾಯಿತು. ನಲವತ್ತರ ಸ್ಪೀಡಿನಲ್ಲಿ ರಸ್ತೆಯ ಒಂದು ಗುಂಡಿಗೆ ಚಕ್ರ ಬಿದ್ದರೆ ಇಡೀ ಮುಂಭಾಗ ಗಡಗಡ. "ಟೈರ್ ಬ್ಯಾಲೆನ್ಸ್ ಮಾಡ್ಸಿ" ಅಂದರು. ಮಾಡಿಸಿದೆ. ನಡುಕ ಹಾಗೇ ಇತ್ತು.

ಕೊನೆಗೆ ಹಾಸನದಲ್ಲಿ ಬರೀ ಜೀಪ್ ಕೆಲಸ ಮಾಡುವ ಹಿರಿಯ ಮೇಸ್ತ್ರಿ ಒಬ್ಬರ ಹತ್ತಿರ ತಗೊಂಡು ಹೋದೆ. ಅವರು ಚಕ್ರದ ಕಡೆ ನೋಡಲೇ ಇಲ್ಲ. "ಸೀಲ್ ಆಮೇಲೆ ನೋಡೋಣ ಗೌಡ್ರೇ, ಮೊದ್ಲು ಹೌಸಿಂಗ್ ಉಸಿರಾಡ್ತಿದ್ಯಾ ನೋಡೋಣ" ಅಂತ ಗಾಡಿಯ ಕೆಳಗೆ ಮಲಗಿದರು. ಎಣ್ಣೆ ಹಾಕುವ ಪ್ಲಗ್ಗನ್ನು ಸಡಿಲ ಮಾಡುತ್ತಿದ್ದಂತೆ ಉಸ್ ಅಂತ ಗಾಳಿ ಹೊರಗೆ ಬಂತು. ಹೌಸಿಂಗ್ ಮೇಲಿನ ಸಣ್ಣ ಟೋಪಿಯಂಥ ಬ್ರೀದರ್ ಕೆಸರು ಮೆತ್ತಿ ಕಲ್ಲಾಗಿತ್ತು. ಎಣ್ಣೆ ಇಳಿಸಿದಾಗ ಬಂದದ್ದು ಹಾಲು ಹಾಕಿದ ಕಾಫಿಯ ಬಣ್ಣ. ನೀರು ಸೇರಿತ್ತು.

ಇಲ್ಲಿದೆ ನೋಡಿ ಅಸಲು ವಿಷಯ. ಗಾಡಿ ಓಡುವಾಗ ಹೌಸಿಂಗ್ ಬಿಸಿಯಾಗುತ್ತದೆ. ಒಳಗಿನ ಗಾಳಿ 25 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಹಿಗ್ಗಲು ನೋಡುತ್ತದೆ. ಬ್ರೀದರ್ ತೆರೆದಿದ್ದರೆ ಸುಮ್ನೆ ಹೊರಗೆ ಹೋಗುತ್ತದೆ. ಮುಚ್ಚಿದ್ದರೆ ಆ ಒತ್ತಡವೆಲ್ಲ ಸೀಲಿನ ತುಟಿಯ ಮೇಲೆ. ಆ ತುಟಿ ಎಣ್ಣೆ ತಡೆಯಲು ಇರುವುದು, ಒತ್ತಡ ತಡೆಯಲು ಅಲ್ಲ. ಎಷ್ಟು ಹೊಸ ಸೀಲ್ ಹಾಕಿದರೂ ಅದೇ ಕಥೆ. ಇನ್ನು ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್‌ನಿಂದ ಗಾಳಿ ಸಿಗದಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹೀಗೆ ಸೇರಿದ ನೀರಿನಿಂದ ನಮ್ಮ ಪಿನಿಯನ್ ಬೇರಿಂಗಿಗೆ ತುಕ್ಕು ಹಿಡಿದು ಚುಕ್ಕೆ ಚುಕ್ಕೆ ಗುಳಿ ಬಿದ್ದಿತ್ತು. ಅದನ್ನೂ ಬದಲಾಯಿಸಬೇಕಾಯಿತು.

ಎಡಗಡೆ ಬಿಚ್ಚಿದಾಗ ಉಳಿದದ್ದೂ ಸಿಕ್ಕಿತು. ಹೊಸ ಸೀಲಿನ ಅಂಚು ಸ್ಕ್ರೂ ಡ್ರೈವರ್ ಏಟಿಗೆ ಒಳಗೆ ಬಾಗಿತ್ತು. ತುಟಿಯನ್ನು ಬಿಗಿ ಹಿಡಿಯುವ ಕೂದಲೆಳೆ ಸ್ಪ್ರಿಂಗ್ ಜಾರಿ ಹೋಗಿತ್ತು. ನಕಲ್ ತಿರುಗುವ ಅಚ್ಚು, ಅಂದರೆ ಕಿಂಗ್ ಪಿನ್ ಕೆಳಗೆ ಅದರ ಬಿಗಿ ಹೊಂದಿಸಲು ಇಡುವ ತೆಳು ಬಿಲ್ಲೆಗಳು, ಶಿಮ್‌ಗಳು, ಸರಿಯಾಗಿ ಇರಲಿಲ್ಲ. ನಕಲ್ ಬಿಚ್ಚಿದಾಗ ಅವನ್ನು ಅದಲುಬದಲು ಮಾಡಿ, ಕಿಂಗ್ ಪಿನ್ ಸಡಿಲವಾಗಿಯೇ ಮುಚ್ಚಿ ಕೊಟ್ಟಿದ್ದರು. ಸ್ಟೇರಿಂಗ್ ನಡುಕಕ್ಕೆ ಅದೇ ಕಾರಣ.

ಮೇಸ್ತ್ರಿ ಮಾಡಿದ ಕೆಲಸ ಹೇಳುತ್ತೇನೆ, ನಿಮ್ಮ ಗ್ಯಾರೇಜಿನಲ್ಲಿ ನಿಂತು ನೋಡಲು ಅನುಕೂಲ ಆಗುತ್ತದೆ. ಆಕ್ಸಲ್ ಎಳೆದ ಮೇಲೆ ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದರು. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ನಮ್ಮದರಲ್ಲಿ ಬರೀ ಕಲೆ ಇತ್ತು, ನಯವಾದ ಎಮರಿ ಪೇಪರಿನಲ್ಲಿ ಸುತ್ತಲೂ ಉಜ್ಜಿದರು. ಉದ್ದಕ್ಕೆ ಉಜ್ಜಬಾರದು, ಆ ಗೀರಿನಲ್ಲೇ ಎಣ್ಣೆ ಹರಿಯುತ್ತದೆ. ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಕ್ರೌನ್ ಕಡೆಗೆ ಬರಬೇಕು. ಸೀಲಿನ ಅಳತೆಗೆ ಹೊಂದುವ ಪೈಪ್ ತುಂಡು ಇಟ್ಟು ಸುತ್ತಲೂ ಒಂದೇ ಸಮ ಒತ್ತಿ ಕೂರಿಸಿದರು. ತುಟಿಗೆ ಗ್ರೀಸ್ ಸವರಿ, ಶಾಫ್ಟಿನ ಹಲ್ಲುಗಳು ತುಟಿಗೆ ತಾಗದಂತೆ ಕೈಯಲ್ಲಿ ಎತ್ತಿ ಹಿಡಿದು ನಿಧಾನಕ್ಕೆ ಒಳಗೆ ಬಿಟ್ಟರು. ಇಲ್ಲಿ ಅವಸರ ಮಾಡಿದರೆ ಹೊಸ ಸೀಲ್ ಗಾಡಿ ಓಡುವ ಮೊದಲೇ ಹರಿಯುತ್ತದೆ.

ನಕಲ್ ಒಳಗಿನ ಹಳೇ ಗಂಜಿಯನ್ನೆಲ್ಲ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಹೊಸ ಗ್ರೀಸ್ ತುಂಬಿದರು. ಹಬ್ ಬೇರಿಂಗಿಗೂ ಹೊಸ ಗ್ರೀಸ್. ಕಿಂಗ್ ಪಿನ್ನಿಗೆ ಸರಿಯಾದ ಶಿಮ್ ಹಾಕಿ, ನಕಲ್ ತಿರುಗಿಸಲು ಎಷ್ಟು ಬಲ ಬೇಕು ಅಂತ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದರು. ಬ್ರೇಕ್ ಪ್ಯಾಡ್ ಎರಡೂ ಬದಿ ಹೊಸದು. ಎಣ್ಣೆ ಕುಡಿದ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವವರಿದ್ದಾರೆ. ಒಪ್ಪಬೇಡಿ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಗೇರ್ ಆಯಿಲ್ ಜಿಎಲ್-5 ದರ್ಜೆಯದೇ ಇರಲಿ, ಪ್ಲಗ್ ತೂತಿನ ಕೆಳ ಅಂಚಿನ ಮಟ್ಟಕ್ಕೆ ಸಾಕು. "ಇರಲಿ" ಅಂತ ಜಾಸ್ತಿ ತುಂಬಿದರೂ ಸೀಲಿಗೆ ಕಷ್ಟ. ಬ್ರೀದರ್ ಟೋಪಿ ತೆಗೆದು, ಅಲ್ಲಿಂದ ಒಂದು ರಬ್ಬರ್ ಪೈಪು ಎಳೆದು ಇಂಜಿನ್ ಮೇಲ್ಭಾಗಕ್ಕೆ ಕಟ್ಟಿದರು. ಈಗ ಹಳ್ಳದ ನೀರು ಅಲ್ಲಿಗೆ ಮುಟ್ಟುವುದಿಲ್ಲ.

ಜಿಪ್ಸಿ ಅಲ್ಲದ, ಮುಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇರುವ ಫೋರ್ ವೀಲ್ ಗಾಡಿಗಳಲ್ಲಿ ನಕಲ್ ಗುಂಡು ಇರುವುದಿಲ್ಲ. ಕ್ರೌನ್ ಪಿನಿಯನ್ ಇರುವ ಡಿಫರೆನ್ಷಿಯಲ್ ಪಕ್ಕದಲ್ಲಿ, ಡ್ರೈವ್ ಶಾಫ್ಟ್ ಒಳಗೆ ಹೋಗುವಲ್ಲೇ ಸೀಲ್ ಇರುತ್ತದೆ. ಎಣ್ಣೆ ನೇರ ಕೆಳಗೆ ತೊಟ್ಟಿಕ್ಕುತ್ತದೆ, ಬ್ರೇಕಿಗೆ ಹೋಗುವುದು ಕಡಿಮೆ. ಬ್ರೀದರ್, ಶಾಫ್ಟಿನ ಗೆರೆ, ಸೀಲ್ ಕೂರಿಸುವ ರೀತಿ ಈ ಮೂರು ಮಾತ್ರ ಅಲ್ಲೂ ಒಂದೇ.

ಈಗ ಸೋರುತ್ತಿರುವವರು ಕೆಲಸಕ್ಕೆ ಬಿಡುವ ತನಕ ಏನು ಮಾಡಬೇಕು ಅಂದರೆ, ಮೊದಲು ಎಣ್ಣೆಯ ಮಟ್ಟ ನೋಡಿ, ಕಡಿಮೆ ಇದ್ದರೆ ಸರಿ ಮಾಡಿ. ಬಣ್ಣ ಬೆಳ್ಳಗಾಗಿದ್ದರೆ ಓಡಿಸಬೇಡಿ. ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನಕ್ಕೆ ಹೋಗುತ್ತ ಬ್ರೇಕ್ ಹಾಕಿ ನೋಡಿ. ಗಾಡಿ ಸ್ವಲ್ಪ ಯಾವ ಬದಿಗೆ ಎಳೆದರೂ ಘಾಟಿ ಇಳಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.