ಬಚ್ಚಿಟ್ಟುಕೊಂಡ ಪಿ ಅಲೆ ಮತ್ತು 420 ರೂಪಾಯಿಯ ಇಸಿಜಿ ಕ್ಯಾಲಿಪರ್

ಹಾಸನ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ವೈದ್ಯೆ ನಾನು. ಎರಡು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸರ್ಜಿಕಲ್ಸ್ ಅಂಗಡಿಯಲ್ಲಿ 420 ರೂಪಾಯಿ ಕೊಟ್ಟು ಸ್ಟೀಲಿನ ಇಸಿಜಿ ಕ್ಯಾಲಿಪರ್ ಕೊಂಡೆ. ಇಸಿಜಿ ಹಾಳೆಯ ಮೇಲೆ ಹೃದಯದ ಅಲೆಗಳ ನಡುವಿನ ಅಂತರ ಅಳೆಯುವ ಸಾಧನ ಇದು. ಎರಡು ಕಾಲು, ಸೂಜಿಯಂಥ ಎರಡು ಮೊನೆ, ನೆತ್ತಿಯಲ್ಲಿ ಬಿಗಿಯಾದ ಕೀಲು. ನೋಡುವುದಕ್ಕೆ ಮಕ್ಕಳ ಜಾಮೆಟ್ರಿ ಪೆಟ್ಟಿಗೆಯ ಡಿವೈಡರ್‌ಗೆ ಅಣ್ಣನಂತಿದೆ. ಅಂದಿನಿಂದ ಸ್ಟೆತಸ್ಕೋಪ್ ಬಿಟ್ಟರೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಇದನ್ನೇ.

ಕಾರಣ ಒಬ್ಬ ಅಜ್ಜಿ. ದನಕ್ಕೆ ಹುಲ್ಲು ಹಾಕುವಾಗ ಕಣ್ಣು ಕತ್ತಲೆಗಟ್ಟಿ ಬಿದ್ದವರನ್ನು ಮಗ ಕರೆತಂದಿದ್ದರು. “ಏಕಾದಶಿ ಉಪವಾಸ ಡಾಕ್ಟರಮ್ಮ, ಅದಕ್ಕೇ ತಲೆ ಸುತ್ತಿದೆ” ಎಂದು ಅಜ್ಜಿ ನನಗೇ ಸಮಾಧಾನ ಹೇಳಿದರು. ನಮ್ಮ ಇಸಿಜಿ ಯಂತ್ರ ಹಾಳೆಯ ನೆತ್ತಿಯಲ್ಲಿ ‘ಸೈನಸ್ ಬ್ರಾಡಿಕಾರ್ಡಿಯಾ, 38’ ಎಂದು ಮುದ್ರಿಸಿತು. ಅಂದರೆ ಬಡಿತ ನಿಧಾನ, ವಿದ್ಯುತ್ ಸಾಗುವ ದಾರಿ ಸರಿಯಾಗಿದೆ ಎಂದರ್ಥ. ಆದರೆ ಪ್ರತಿ ಬಡಿತದ ಕೊನೆಯಲ್ಲಿ ಮೂಡುವ ಟಿ ಅಲೆಗಳು ಒಂದರಂತೆ ಒಂದಿರಲಿಲ್ಲ. ಒಂದರ ಬೆನ್ನ ಮೇಲೆ ಸಣ್ಣ ಉಬ್ಬು, ಇನ್ನೊಂದು ಸುಮ್ಮನೆ ಎತ್ತರ.

ಕ್ಯಾಲಿಪರ್‌ನ ಒಂದು ಮೊನೆಯನ್ನು ಪಿ ಅಲೆಯ (ಹೃದಯದ ಮೇಲಿನ ಕೋಣೆ, ಅಂದರೆ ಹೃತ್ಕರ್ಣ, ಮಿಡಿಯುವಾಗ ಮೂಡುವ ಅಲೆ) ಮೇಲೂ ಇನ್ನೊಂದನ್ನು ಆ ಉಬ್ಬಿನ ಮೇಲೂ ಇಟ್ಟೆ. 19 ಚಿಕ್ಕ ಚೌಕ. ಕಾಲುಗಳನ್ನು ಅಲುಗಿಸದೆ ಹಾಳೆಯುದ್ದಕ್ಕೂ ನಡೆಸಿದೆ. ಪ್ರತಿ ಹೆಜ್ಜೆಯೂ ಒಂದೋ ಪಿ ಅಲೆಯ ಮೇಲೆ, ಇಲ್ಲವೇ ಅನುಮಾನದ ಉಬ್ಬಿನ ಮೇಲೆ ಬಿತ್ತು. ಅಂದರೆ ಆ ಉಬ್ಬುಗಳೂ ಟಿ ಅಲೆಯಲ್ಲಿ ಬಚ್ಚಿಟ್ಟುಕೊಂಡ ಪಿ ಅಲೆಗಳೇ. ಚಿಕ್ಕ ಚೌಕವೊಂದಕ್ಕೆ 0.04 ಸೆಕೆಂಡ್, ಆ ಲೆಕ್ಕದಲ್ಲಿ ಹೃತ್ಕರ್ಣ ನಿಮಿಷಕ್ಕೆ 79 ಬಾರಿ ಮಿಡಿಯುತ್ತಿತ್ತು. ಕೆಳಗಿನ ಕೋಣೆ ಮಿಡಿಯುವಾಗ ಮೂಡುವ ಕ್ಯುಆರ್‌ಎಸ್‌ಗಳ ನಡುವಿನ ಅಂತರ ಅಳೆದರೆ ಎಲ್ಲ ಕಡೆ 40 ಚೌಕ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ಪಿಆರ್ ಅಂತರ (ಪಿ ಅಲೆಯಿಂದ ಕ್ಯುಆರ್‌ಎಸ್‌ವರೆಗಿನದು) ಮಾತ್ರ 4, 6, 8 ಚೌಕ ಎಂದು ಜಾರುತ್ತಾ ಹೋಗಿತ್ತು. ಅಂತರ ಬೆಳೆಯುವುದನ್ನು ನೋಡಿ ವೆಂಕೆಬಾಖ್ ಬ್ಲಾಕ್ (ಮೇಲಿನ ಕೋಣೆಯ ಸಂಕೇತ ಕೆಳಗೆ ತಲುಪುವುದು ಬರಬರುತ್ತಾ ತಡವಾಗುವ ತೊಂದರೆ) ಎನ್ನಬೇಕೆನಿಸುತ್ತದೆ. ಆದರೆ ಅದರಲ್ಲಿ ಕೊನೆಗೊಂದು ಬಡಿತ ತಪ್ಪಿ, ಕ್ಯುಆರ್‌ಎಸ್‌ಗಳ ತಾಳ ಮುರಿಯುತ್ತದೆ. ಇಲ್ಲಿ ಮೇಲಿನ ಕೋಣೆಗೆ ತನ್ನದೇ ತಾಳ, ಕೆಳಗಿನದಕ್ಕೆ ತನ್ನದೇ ತಾಳ. ಒಂದಕ್ಕೊಂದು ಸಂಬಂಧವೇ ಇಲ್ಲ. ಸಂಪೂರ್ಣ ಹೃದಯ ಬ್ಲಾಕ್. ಆಂಬುಲೆನ್ಸ್‌ನಲ್ಲಿ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಕಳುಹಿಸಿದೆ. ಅಲ್ಲಿ ಪೇಸ್‌ಮೇಕರ್ ಹಾಕಿದರು.

ಡಚ್ ವೈದ್ಯ ವೆಂಕೆಬಾಖ್ ತನ್ನ ಹೆಸರಿನ ಬ್ಲಾಕನ್ನು 1899ರಲ್ಲಿ ಕಂಡುಕೊಂಡದ್ದು ಇಸಿಜಿಯೇ ಇಲ್ಲದೆ, ನಾಡಿಯ ದಾಖಲೆಯಲ್ಲಿ ಬಡಿತಗಳ ನಡುವಿನ ಕಾಲವನ್ನು ಅಳೆದು. ಅಳೆಯುವ ತಾಳ್ಮೆಗೆ ಅಷ್ಟು ಶಕ್ತಿಯಿದೆ ಎಂಬುದು ನನಗೆ ಆ ರಾತ್ರಿ ಮನದಟ್ಟಾಯಿತು.

ಇನ್ನೊಂದು ಉಪಯೋಗವನ್ನೂ ಹೇಳಬೇಕು. ಪಿ ಅಲೆಯ ನಂತರ ಕ್ಯುಆರ್‌ಎಸ್ ಬರದಿದ್ದರೆ ಎರಡನೇ ದರ್ಜೆಯ ಬ್ಲಾಕ್ (ಮೇಲಿನ ಕೆಲವು ಸಂಕೇತಗಳು ಕೆಳಗೆ ತಲುಪದಿರುವುದು) ಎಂದು ಕಿರಿಯ ವೈದ್ಯರು ಗಾಬರಿಯಾಗುತ್ತಾರೆ. ಕ್ಯಾಲಿಪರ್ ನಡೆಸಿದರೆ ಎಷ್ಟೋ ಸಲ ಆ ಪಿ ಹೊತ್ತಿಗೆ ಮೊದಲೇ ಬಂದಿರುವುದು ಕಾಣುತ್ತದೆ. ಅದು ಬ್ಲಾಕ್ ಅಲ್ಲ, ಅವಸರದ ಬಡಿತವಷ್ಟೇ. ಕೆಳಗಿನ ಕೋಣೆಗಳಿಗೆ ವಿದ್ಯುತ್ ಒಯ್ಯುವ ಎಡ ಅಥವಾ ಬಲ ಕವಲು ಕೆಡುವ ಬಂಡಲ್ ಬ್ರಾಂಚ್ ಬ್ಲಾಕ್‌ಗೆ ಮಾತ್ರ ಈ ಉಪಕರಣವೊಂದೇ ಸಾಲದು. ಕ್ಯುಆರ್‌ಎಸ್ ಅಗಲ 0.12 ಸೆಕೆಂಡ್ ಮುಟ್ಟಿದೆಯೇ ಎಂದು ಅಳೆಯಬಹುದು, ಎಡವೋ ಬಲವೋ ತಿಳಿಯಲು ಎದೆಯ ಮೇಲಿನ ವಿ1, ವಿ6 ಲೀಡ್‌ಗಳು ದಾಖಲಿಸಿದ ಅಲೆಗಳ ಆಕಾರವನ್ನು ಕಣ್ಣೇ ಓದಬೇಕು.

ದೂರುಗಳಿವೆ. ಮೊನೆಗೆ ಕೊಟ್ಟ ಪ್ಲಾಸ್ಟಿಕ್ ಟೋಪಿ ತಿಂಗಳೊಳಗೆ ಸೀಳಿತು. ಒಮ್ಮೆ ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಚುಚ್ಚಿತು. ಈಗ ಸೂಜಿಯ ಮುಚ್ಚಳ ಹಾಕಿಡುತ್ತೇನೆ. ಹಾಳೆಯ ಮೇಲೆ ತೂತುಗಳೂ ಬೀಳುತ್ತವೆ, ಹಾಗಾಗಿ ಮೊದಲು ಜೆರಾಕ್ಸ್ ಮಾಡಿಸಿ. ಕೊಳ್ಳಲಾಗದಿದ್ದರೆ ಬಿಳಿ ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಿಂದ ಎರಡು ಗೆರೆ ಎಳೆದು ಸರಿಸುತ್ತಾ ಹೋದರೂ ಕೆಲಸ ಆಗುತ್ತದೆ.

ಕೊಳ್ಳುವವರು ಇಸಿಜಿ ಕಾಗದದ ತುಂಡೊಂದನ್ನು ಅಂಗಡಿಗೆ ಒಯ್ಯಿರಿ. 20 ಚೌಕಕ್ಕೆ ಕಾಲು ಅಗಲಿಸಿ ಹತ್ತು ಹೆಜ್ಜೆ ನಡೆಸಿ ನೋಡಿ. ಸರಿಯಾಗಿ 200ರ ಗೆರೆಯ ಮೇಲೆ ನಿಲ್ಲದಿದ್ದರೆ ಕೀಲು ಸಡಿಲವಿದೆ, ಬೇರೆಯದನ್ನು ಕೇಳಿ.